ಪಂಜರದ ಬಾಗಿಲು ತೆರೆಯುವ ಮುನ್ನ

ಹಕ್ಕಿಯನ್ನು ಪಂಜರದಲ್ಲಿಡುವುದು ತಪ್ಪೆಂದು ಹೇಳಲು ಇಂದು ಯಾರಿಗೂ ಧೈರ್ಯ ಬೇಕಾಗಿಲ್ಲ. ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ವರ್ಷ ಇದೇ ವಿಷಯವನ್ನಿಟ್ಟಾಗ ಪಂಜರದ ವಿರುದ್ಧ ಮಾತನಾಡಲು ಹನ್ನೊಂದು ಮಂದಿ ಹೆಸರು ಕೊಟ್ಟರು. ಪಂಜರದ ಪರವಾಗಿ ಒಬ್ಬರೂ ಇಲ್ಲ. ಕೊನೆಗೆ ಅಧ್ಯಾಪಕರು ಚೀಟಿ ಎತ್ತಿಸಿ ಮೂವರನ್ನು ಆ ಕಡೆಗೆ ತಳ್ಳಬೇಕಾಯಿತು. ಆ ಮೂವರಲ್ಲಿ ನಾನೊಬ್ಬ. ನಾವು ಸೋತೆವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸೋಲು ನ್ಯಾಯವಾದದ್ದೇ; ಅದರ ಬಗೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಗೆದ್ದವರ ಮಾತಿನ ಬಗೆಗೆ. ಅಂದಿನ ಭಾಷಣಗಳಲ್ಲಿ ದೇಶದ ಸ್ವಾತಂತ್ರ್ಯವಿತ್ತು, ಹೆಣ್ಣುಮಕ್ಕಳ ಸ್ವಾತಂತ್ರ್ಯವಿತ್ತು, ಪರೀಕ್ಷೆಗಳ ಕಾಟದಿಂದ ವಿದ್ಯಾರ್ಥಿಗಳಿಗೆ ಬೇಕಾದ ಸ್ವಾತಂತ್ರ್ಯವೂ ಇತ್ತು. ಹಕ್ಕಿಯೊಂದು ಮಾತ್ರ ಇರಲಿಲ್ಲ.

ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಉಪಮೇಯವು ಉಪಮಾನವನ್ನು ನುಂಗಿಹಾಕಿದೆ. ಮನುಷ್ಯನಿಗೆ ಹಕ್ಕಿಯನ್ನು ಹೋಲಿಸಿ ಹೋಲಿಸಿ, ಅದು ಮೂಳೆ ಮಾಂಸ ಗರಿಗಳುಳ್ಳ, ಹಸಿವಾಗುವ, ಹೆದರುವ ಒಂದು ಜೀವವೆಂಬುದನ್ನೇ ನಾವು ಮರೆತಿದ್ದೇವೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿಗೆ ಹೋದಾಗಲೆಲ್ಲ ಹಿರಿಯರು, “ನಿನಗೇನಪ್ಪಾ, ರೆಕ್ಕೆ ಬಂತು” ಎನ್ನುತ್ತಾರೆ. ಅವರ ಪ್ರೀತಿಗೆ ನಾನು ಋಣಿ. ಆದರೆ ನನಗೆ ಬಂದಿರುವುದು ರೆಕ್ಕೆಯಲ್ಲ, ಒಂದು ಅಂಕಪಟ್ಟಿ. ರೆಕ್ಕೆಯಿರುವುದು ಹಕ್ಕಿಗೆ. ಈ ಲೇಖನದ ಮಟ್ಟಿಗಾದರೂ ಅದನ್ನು ಹಕ್ಕಿಗೇ ಬಿಟ್ಟು ಮಾತನಾಡೋಣ.

ಪಂಜರದ ಗಿಣಿಯ ಕಥೆ ಪಂಜರದಲ್ಲಿ ಆರಂಭವಾಗುವುದಿಲ್ಲ. ಬಾಣಭಟ್ಟನ ‘ಕಾದಂಬರಿ’ಯನ್ನು ನಾಗವರ್ಮನು ಕನ್ನಡಕ್ಕೆ ತಂದಿರುವುದನ್ನು ಐಚ್ಛಿಕ ಕನ್ನಡದ ಮಿತ್ರರು ಬಲ್ಲರು. ಶೂದ್ರಕ ರಾಜನ ಓಲಗಕ್ಕೆ ಕನ್ಯೆಯೊಬ್ಬಳು ಪಂಜರದಲ್ಲಿ ಗಿಣಿಯೊಂದನ್ನು ತರುತ್ತಾಳೆ. ಆ ಗಿಣಿಯ ಪಾಂಡಿತ್ಯ ಎಲ್ಲರಿಗೂ ನೆನಪಿದೆ. ಆದರೆ ರಾಜನು ಕೇಳಿದಾಗ ಅದು ತನ್ನ ಕಥೆಯನ್ನು ಎಲ್ಲಿಂದ ತೊಡಗಿಸಿತು? ಪಂಪಾಸರೋವರದ ಬಳಿ ಒಂದು ಮಹಾ ಬೂರುಗದ ಮರ. ಅದರ ಪೊಟರೆಗಳಲ್ಲಿ ಗಿಣಿಗಳ ಸಂಸಾರ. ಬೇಟೆಗಾರರ ದಂಡು ಹಾದುಹೋದ ಮೇಲೆ ಹಿಂದುಳಿದ ಮುದುಕನೊಬ್ಬ ಆ ಮರವನ್ನು ಹತ್ತುತ್ತಾನೆ. ಪೊಟರೆಗಳಿಂದ ಗಿಣಿಗಳನ್ನು ಎಳೆದು ಕತ್ತು ಹಿಸುಕಿ ಕೆಳಕ್ಕೆ ಎಸೆಯುತ್ತಾನೆ. ಮುದಿ ತಂದೆಗಿಣಿ ತನ್ನ ಮರಿಯನ್ನು ರೆಕ್ಕೆಯ ಅಡಿಯಲ್ಲಿ ಮುಚ್ಚಿಕೊಂಡೇ ಸಾಯುತ್ತದೆ. ತರಗೆಲೆಯ ರಾಶಿಯ ಮೇಲೆ ಬಿದ್ದದ್ದರಿಂದ ಮರಿಯೊಂದು ಉಳಿಯುತ್ತದೆ. ರಾಜನ ಮುಂದೆ ಮಾತನಾಡಿದ್ದು ಆ ಉಳಿದ ಮರಿ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಕವಿ ತಿಳಿದುಕೊಂಡಿದ್ದ ಸಂಗತಿ ಇದು: ಮಾತನಾಡುವ ಒಂದು ಗಿಣಿಯ ಹಿಂದೆ ಮಾತನಾಡಲಾರದೆ ಹೋದ ಎಷ್ಟೋ ಗಿಣಿಗಳಿರುತ್ತವೆ.

ಇಂದಿಗೂ ನಡೆಯುವುದು ಹೆಚ್ಚುಕಡಮೆ ಹಾಗೆಯೇ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವ, ಕೊರಳಲ್ಲಿ ಗುಲಾಬಿ ಪಟ್ಟಿಯುಳ್ಳ ಹಸಿರು ಗಿಣಿ ಚಳಿ ಮುಗಿಯುವ ಹೊತ್ತಿಗೆ ಹಳೆಯ ಮರಗಳ ಪೊಟರೆಗಳಲ್ಲಿ ಮೊಟ್ಟೆಯಿಡುತ್ತದೆ. ಹಿಡಿಯುವವರು ಬಯಸುವುದು ಗರಿ ಪೂರ್ಣ ಮೂಡದ ಮರಿಗಳನ್ನು. ಅವಕ್ಕೆ ಮನುಷ್ಯನ ಕೈ ಬೇಗ ರೂಢಿಯಾಗುತ್ತದೆ. ಕೈ ಹೋಗದ ಕಡೆ ಪೊಟರೆಯನ್ನೇ ಕಡಿದು ಅಗಲ ಮಾಡುವುದುಂಟು. ಅಂಥ ಪೊಟರೆಗೆ ಮುಂದಿನ ವರ್ಷ ಯಾವ ಹಕ್ಕಿಯೂ ಬಾರದು. ಬುಟ್ಟಿಗಳಲ್ಲಿ ಒಂದರ ಮೇಲೊಂದು ತುಂಬಿ ಪೇಟೆಗೆ ಸಾಗಿಸುವಾಗ ಎಲ್ಲವೂ ಜೀವಸಹಿತ ತಲಪುವುದಿಲ್ಲ. ತಲಪಿದ್ದನ್ನು ನಾವು ಕೊಂಡು, ಹಸಿಮೆಣಸಿನಕಾಯಿ ಕೊಟ್ಟು, ‘ರಾಮ ರಾಮ’ ಕಲಿಸುತ್ತೇವೆ.

ಅದು ಮಾತು ಕಲಿಯುವುದನ್ನು ನಾವು ಅದರ ಸಂತೋಷದ ಗುರುತೆಂದು ಭಾವಿಸಿದ್ದೇವೆ. ಇದರಷ್ಟು ವಿಷಾದಕರವಾದ ತಪ್ಪು ತಿಳಿವಳಿಕೆ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಗಿಣಿ ಒಂಟಿಯಾಗಿ ಬದುಕುವ ಹಕ್ಕಿಯಲ್ಲ. ಸಂಜೆ ಸಾವಿರಾರು ಗಿಣಿಗಳು ಒಂದೇ ಮರಕ್ಕೆ ಬಂದಿಳಿದು ಗದ್ದಲವೆಬ್ಬಿಸುವುದನ್ನು ನೋಡಿದವರಿಗೆ ಇದು ಗೊತ್ತು. ತನ್ನ ಗುಂಪಿನ ದನಿಗಳನ್ನು ಕೇಳಿ ಕಲಿಯುವ ಶಕ್ತಿ ಅದಕ್ಕೆ ಹುಟ್ಟಿನಿಂದ ಬಂದದ್ದು. ಪಂಜರದಲ್ಲಿ ಗುಂಪಿಲ್ಲ. ಇರುವವರು ನಾವು. ನಮ್ಮನ್ನೇ ತನ್ನ ಬಳಗವೆಂದು ಬಗೆದು ಅದು ನಮ್ಮ ದನಿಯನ್ನು ಅನುಕರಿಸುತ್ತದೆ. ನೆಂಟರ ಮುಂದೆ ‘ಬನ್ನಿ, ಕೂತುಕೊಳ್ಳಿ’ ಎಂದು ಅದು ಹೇಳಿದಾಗ ಮನೆಯವರು ಹಿಗ್ಗುತ್ತಾರೆ. ಅದು ಯಾರನ್ನು ಕರೆಯುತ್ತಿದೆಯೆಂದು ಕೇಳುವವರಿಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು, ಪ್ರಾಣಿಗೆ ಮೈ ಆಡಿಸಲು ಸಾಕಷ್ಟು ಎಡೆಯಿಲ್ಲದ ಪಂಜರದಲ್ಲಿ ಅದನ್ನಿಡುವುದು ಅಪರಾಧವೆನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಮುಂದೆ ಹೋಯಿತು. 1990-91ರ ಹೊತ್ತಿಗೆ ಈ ದೇಶದ ಕಾಡುಹಕ್ಕಿಗಳನ್ನು ಹಿಡಿದು ಮಾರುವುದು ಸಂಪೂರ್ಣ ನಿಷಿದ್ಧವಾಯಿತು. ಆದ್ದರಿಂದ ನಮ್ಮ ಗಿಣಿ, ಮೈನಾ, ರಾಟವಾಳಗಳನ್ನು ಮನೆಯಲ್ಲಿ ಸಾಕುವುದು ಶಿಕ್ಷಾರ್ಹವೆಂಬುದು ಬಹುಮಂದಿಗೆ ತಿಳಿಯದು. 2011ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಹಕ್ಕಿಗಳನ್ನು ಪಂಜರದಲ್ಲಿಡುವುದು ಅಕ್ರಮ ಬಂಧನಕ್ಕೆ ಸಮವೆಂದಿತು. 2015ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆಕಾಶದಲ್ಲಿ ಹಾರುವುದು ಹಕ್ಕಿಯ ಮೂಲಭೂತ ಹಕ್ಕೆಂಬ ಅಭಿಪ್ರಾಯ ಕೊಟ್ಟಿತು. ಓದಿದಾಗ ನನಗೆ ರೋಮಾಂಚನವಾಯಿತೆಂದು ಹೇಳಲು ಸಂಕೋಚವಿಲ್ಲ.

ಆದರೆ ನ್ಯಾಯಾಲಯದ ಮಾತನ್ನು ಹಟ್ಟಿಗೆ ಕೊಂಡೊಯ್ದು ನೋಡಬೇಕು. ನನ್ನ ಸೋದರತ್ತೆಯ ಮನೆಯಲ್ಲಿ ಒಂದು ಗಿಣಿಯಿದೆ. ಒಂಬತ್ತು ವರ್ಷಗಳ ಹಿಂದೆ ಜಾತ್ರೆಯಲ್ಲಿ ಯಾರೋ ಮಾರಿದ್ದು. ಆಕೆಗೆ ಮಕ್ಕಳಿಲ್ಲ, ಮಾವ ತೀರಿಕೊಂಡು ಆರು ವರ್ಷವಾಯಿತು. ಬೆಳಗ್ಗೆ ಆಕೆಯ ಮೊದಲ ಮಾತು ಗಿಣಿಯೊಡನೆ, ರಾತ್ರಿ ಕೊನೆಯ ಮಾತೂ ಅದರೊಡನೆಯೇ. ಮನೆತನದಲ್ಲಿ ಸರ್ಕಾರದ ಕಾಗದವನ್ನು ಓದಿ ಅರ್ಥ ಹೇಳಬಲ್ಲವನು ನಾನೊಬ್ಬನೇ ಆದ್ದರಿಂದ ಈ ಕಾಯಿದೆಯನ್ನು ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಪಹಣಿ ಓದಿ ಹೇಳಿದಾಗ, ಪಿಂಚಣಿಯ ಅರ್ಜಿ ಬರೆದುಕೊಟ್ಟಾಗ ಕೊಟ್ಟ ಕಾಫಿಯನ್ನು ಆಕೆ ಅಂದು ಕೊಡಲಿಲ್ಲ.

“ನಾಕಕ್ಷರ ಕಲ್ತು ಬಂದು ನಮ್ಮನೆ ಗಿಣಿಗೇ ಕಾನೂನು ಹೇಳ್ತೀಯೇನೋ?” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬಾಗಿಲು ತೆಗೀತೀನಿ ಕಣಪ್ಪ. ಹಿತ್ತಲಲ್ಲಿ ಬೆಕ್ಕೈತೆ. ನಿನ್ನ ಕಾನೂನು ಅದಕ್ಕೂ ಓದಿ ಹೇಳು” ಎಂದಳು.

ಹನ್ನೊಂದು ಮಂದಿ ಭಾಷಣಕಾರರಲ್ಲಿ ಒಬ್ಬರೂ ಎತ್ತದ ಪ್ರಶ್ನೆಯನ್ನು ಅಕ್ಷರ ಬಾರದ ಆ ಹೆಂಗಸು ಎತ್ತಿದಳು. ಆ ಗಿಣಿ ಪೊಟರೆಯಿಂದ ಹೊರಗೆ ಹಾರಿದ್ದೇ ಇಲ್ಲ. ಕತ್ತರಿಸಿದ ರೆಕ್ಕೆಯ ಗರಿ ಹಳೆಯದು ಉದುರಿ ಹೊಸದು ಬರುವ ಕಾಲದಲ್ಲಿ ಮತ್ತೆ ಬೆಳೆಯುವುದೇನೋ ನಿಜ; ಆದರೆ ಒಂಬತ್ತು ವರ್ಷ ಬಳಸದ ಎದೆಯ ಸ್ನಾಯುವಿಗೆ ಬಲ ಒಂದು ದಿನದಲ್ಲಿ ಬಾರದು. ಹದ್ದಿನ ನೆರಳು ಕಂಡರೆ ಅಡಗಬೇಕೆಂಬುದನ್ನು, ಯಾವ ಮರದ ಕಾಯಿ ಯಾವ ತಿಂಗಳು ಹಣ್ಣಾಗುವುದೆಂಬುದನ್ನು ಗಿಣಿ ತನ್ನ ಹಿರಿಯರ ಹಿಂದೆ ಹಾರಿ ಕಲಿಯುತ್ತದೆ. ಇದು ಕಲಿತಿರುವುದು ಬಟ್ಟಲಿನ ಅನ್ನವನ್ನು. ಇಂಥ ಹಕ್ಕಿಗೆ ಬಾಗಿಲು ತೆರೆಯುವುದು ಬಿಡುಗಡೆಯಲ್ಲ, ಹೊರದಬ್ಬುವುದು.

ಹಾಗೆಂದು ಅತ್ತೆಯ ವಾದವನ್ನು ನಾನು ಪೂರ್ತಿ ಒಪ್ಪುವವನಲ್ಲ. ಬೆಕ್ಕಿನ ಭಯವನ್ನು ಗಿಣಿಯ ಬಾಳಿನಲ್ಲಿ ತಂದಿಟ್ಟವರು ಅದನ್ನು ಹಿಡಿದವರು ಮತ್ತು ಕೊಂಡವರು. ತಾವೇ ಕುಂಟಾಗಿಸಿ, ಬಳಿಕ ‘ಪಾಪ ಕುಂಟು, ನನ್ನ ಆಸರೆ ಬೇಕು’ ಎನ್ನುವುದು ದಯೆಯ ಮಾತಲ್ಲ. ಅರಣ್ಯ ಇಲಾಖೆಗೆ ತಿಳಿಸಿದರೆ ಹಕ್ಕಿಯನ್ನು ರಕ್ಷಣಾಕೇಂದ್ರಕ್ಕೆ ಒಯ್ಯುತ್ತಾರೆ. ಅಲ್ಲಿ ರೋಗವಿದೆಯೇ ಎಂದು ನೋಡಿ, ಹಾರಲು ಎಡೆಯಿರುವ ದೊಡ್ಡ ಪಂಜರದಲ್ಲಿ ಅದರ ಜಾತಿಯವರ ಜೊತೆ ಬಿಟ್ಟು, ಶಕ್ತಿ ಬಂದರೆ ಗಿಣಿಗಳ ಗುಂಪಿರುವ ಕಡೆ ಹಾರಿಬಿಡುವುದು ಸರಿಯಾದ ಕ್ರಮ. ಶಕ್ತಿ ಬಾರದಿದ್ದರೆ ಅದು ಅಲ್ಲಿಯೇ ತನ್ನವರ ನಡುವೆ ಉಳಿಯುತ್ತದೆ. ಇದನ್ನೂ ಅತ್ತೆಗೆ ಹೇಳಿದೆ. ಆಕೆ ಉತ್ತರ ಕೊಟ್ಟಿಲ್ಲ. ಗಿಣಿ ಹೋದರೆ ಆ ಮನೆಯಲ್ಲಿ ಸಂಜೆ ದೀಪ ಹಚ್ಚುವಾಗ ದನಿಯೇ ಇರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಹೇಳಬೇಕು, ಮತ್ತೆ ಹೋದಾಗಲೂ ಹೇಳುವವನಿದ್ದೇನೆ. ಒಬ್ಬರ ಒಂಟಿತನಕ್ಕೆ ಇನ್ನೊಂದು ಜೀವದ ಒಂಟಿತನವನ್ನು ಮದ್ದಾಗಿ ಕೊಡುವುದು ನ್ಯಾಯವೆಂದು ನನಗೆ ಕಾಣುವುದಿಲ್ಲ. ಆಕೆಯ ಒಂಟಿತನಕ್ಕೆ ಉತ್ತರ ಹೇಳಬೇಕಾದವರು ನಾವು, ಅಣ್ಣತಮ್ಮಂದಿರ ಮಕ್ಕಳು.

ಇನ್ನು ಬಿಡುಗಡೆಯ ಉತ್ಸವಗಳ ಮಾತು. ಸಭೆ ಸಮಾರಂಭಗಳಲ್ಲಿ ಬಿಳಿಯ ಪಾರಿವಾಳಗಳನ್ನು ಹಾರಿಬಿಡುವ ಸಂಪ್ರದಾಯವೊಂದಿದೆ. ಎರಡು ವರ್ಷಗಳ ಹಿಂದೆ ಒಂದು ಊರಿನಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಅತಿಥಿಗಳು ಬುಟ್ಟಿಯ ಮುಚ್ಚಳ ತೆರೆದರು. ಎರಡು ಪಾರಿವಾಳಗಳು ಚಪ್ಪರದ ಗಳುವಿನವರೆಗೆ ಹಾರಿ ಕುಳಿತವು. ಮೂರನೆಯದು ವೇದಿಕೆಯ ಹಾಸಿನ ಮೇಲೆಯೇ ನಿಂತು ಸುತ್ತಲೂ ನೋಡುತ್ತಿತ್ತು. ಸ್ವಯಂಸೇವಕನೊಬ್ಬ ಅದನ್ನು ಕಾಲಿನಿಂದ ಮೆಲ್ಲನೆ ಮರೆಗೆ ಸರಿಸಿದ. ಛಾಯಾಚಿತ್ರವಾಯಿತು, ಕರತಾಡನವಾಯಿತು. ತನ್ನ ಗೂಡಿಗೆ ಮರಳಲು ಪಳಗಿಸಿದ ಪಾರಿವಾಳವಾದರೆ ಮನೆ ಸೇರೀತು. ಪಳಗಿಸದೆ ಪೇಟೆಯಿಂದ ತಂದ ಬಿಳಿಯ ಹಕ್ಕಿಗೆ ಗೂಡೆಲ್ಲಿ? ಬೂದುಬಣ್ಣದ ಕಾಡುಪಾರಿವಾಳ ಬಂಡೆಯಲ್ಲಿ ಬೆರೆತು ಕಾಣದಾಗುತ್ತದೆ. ಇದು ಹದ್ದಿಗೆ ಮೈಲಿ ದೂರದಿಂದ ಕಾಣುತ್ತದೆ. ಶಾಂತಿಯ ಸಂಕೇತವೆಂದು ಹಾರಿಸಿದ್ದು ಸಂಜೆಯೊಳಗೆ ಯಾವುದೋ ಮಾಡಿನ ಮೇಲೆ ಗರಿಯ ರಾಶಿಯಾಗಿರುತ್ತದೆ.

ಪುಣ್ಯಕ್ಕಾಗಿ ಬಿಡುವುದು ಇನ್ನೊಂದು ಬಗೆ. ಸಂತೆಯಲ್ಲಿ ಪುಟ್ಟ ರಾಟವಾಳಗಳನ್ನು ಹಣ ಕೊಟ್ಟು ಕೊಂಡು ಅಲ್ಲೇ ಹಾರಿಬಿಡುವ ಧರ್ಮಾತ್ಮರಿದ್ದಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ವ್ಯಾಪಾರಿಗೆ ಕೊಂಡವರ ಉದ್ದೇಶದಿಂದ ಏನಾಗಬೇಕು? ಹತ್ತು ಹಕ್ಕಿ ಮಾರಾಟವಾದವು. ನಾಳೆ ಹತ್ತು ತರಬೇಕು. ಬಿಡುವವರಿರುವುದರಿಂದಲೇ ಹಿಡಿಯುವುದು ನಡೆಯುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ಪಾಡನ್ನು ನೋಡಿ. ವಿಜಯದಶಮಿಯ ದಿನ ಅದರ ದರ್ಶನವಾದರೆ ಶುಭವೆಂಬ ನಂಬಿಕೆ ಉತ್ತರ ಭಾರತದಲ್ಲೂ ತೆಲಂಗಾಣದಲ್ಲೂ ಬಲವಾಗಿದೆ. ಹೊಲದ ತಂತಿಯ ಮೇಲೆ ಕುಳಿತ ನೀಲಕಂಠವನ್ನು ಹುಡುಕಿಹೋಗಿ ನೋಡುವುದು ಎಷ್ಟು ಚೆಲುವಾದ ಆಚಾರ! ಆದರೆ ಹುಡುಕುವ ವ್ಯವಧಾನ ಯಾರಿಗಿದೆ? ಹಬ್ಬಕ್ಕೆ ವಾರಗಳ ಮುಂಚೆ ಬಲೆಯೊಡ್ಡಿ ಹಿಡಿದು, ಕಾಲು ಕಟ್ಟಿ, ಗರಿ ಕತ್ತರಿಸಿ ಮನೆಮನೆಗೆ ದರ್ಶನಕ್ಕೆ ತರುತ್ತಾರೆ. ಹಬ್ಬ ಮುಗಿದ ಮೇಲೆ ‘ಬಿಡುಗಡೆ’. ಹಸಿದು, ಸೊರಗಿ, ರೆಕ್ಕೆ ಮುರಿದ ಹಕ್ಕಿ ಎಷ್ಟು ದೂರ ಹಾರೀತು?

ಹೀಗಿರುವಾಗ, ಪರದೇಶದ ಹಕ್ಕಿಗಳನ್ನು ಸಾಕುವುದಕ್ಕೆ ಅಡ್ಡಿಯಿಲ್ಲವಲ್ಲ ಎನ್ನುವವರುಂಟು. ಬಜರಿಗಾರ್ ಆಸ್ಟ್ರೇಲಿಯದ್ದು, ಲವ್‌ಬರ್ಡ್ ಆಫ್ರಿಕದ್ದು; ಕಾನೂನು ಅವನ್ನು ಸಾಕಲು ಬಿಟ್ಟಿದೆ. ಎಷ್ಟೋ ತಲೆಮಾರು ಪಂಜರದಲ್ಲೇ ಹುಟ್ಟಿ ಬೆಳೆದ ಅವಕ್ಕೆ ನಮ್ಮ ಆಕಾಶ ತವರಲ್ಲ. ದಯೆಯ ಭರದಲ್ಲಿ ಅವನ್ನು ಹಾರಿಬಿಟ್ಟರೆ ಕಾಗೆಗೆ ಊಟ. ಬದುಕಿ ಹೆಚ್ಚಿದರೂ ಕಷ್ಟವೇ. ನಮ್ಮ ಹಸಿರು ಗಿಣಿಯನ್ನೇ ಸಾಕಲೆಂದು ಯೂರೋಪಿಗೆ ಒಯ್ದಿದ್ದರು. ತಪ್ಪಿಸಿಕೊಂಡವೂ ಬಿಟ್ಟವೂ ಸೇರಿ ಲಂಡನ್ನಿನ ಉದ್ಯಾನಗಳಲ್ಲಿ ಇಂದು ಸಾವಿರಗಟ್ಟಲೆ ಇವೆ. ಬೆಲ್ಜಿಯಂ ದೇಶದಲ್ಲಿ ಅವು ಪೊಟರೆಗಳನ್ನು ಆಕ್ರಮಿಸಿ ಅಲ್ಲಿನ ಹಕ್ಕಿಗಳಿಗೆ ಗೂಡಿಲ್ಲದಂತೆ ಮಾಡುತ್ತಿರುವುದನ್ನು ಪಕ್ಷಿವಿಜ್ಞಾನಿಗಳು ತೋರಿಸಿದ್ದಾರೆ. ಇಂಥವನ್ನು ಸಾಕಿದವರು ಅವುಗಳ ಆಯುಷ್ಯ ಮುಗಿಯುವವರೆಗೆ ವಿಶಾಲವಾದ ಎಡೆ ಕೊಟ್ಟು, ಜೊತೆ ಕೊಟ್ಟು ನೋಡಿಕೊಳ್ಳಲಿ, ಹೊಸದನ್ನು ಕೊಳ್ಳದಿರಲಿ. ಬೇರೆ ದಾರಿ ನನಗೆ ತೋರುವುದಿಲ್ಲ.

ಪಂಜರವೆಲ್ಲ ಪಾಪವೇ ಎಂದರೆ ಅದನ್ನೂ ಒಪ್ಪಲಾರೆ. ರಣಹದ್ದುಗಳ ಕಥೆಯನ್ನು ಕೇಳಿ. 1990ರ ಸುಮಾರಿಗೆ ಈ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಒಂದೂವರೆ ದಶಕದೊಳಗೆ ನಾಶವಾದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ದನಗಳಿಗೆ ಆ ಔಷಧವನ್ನು ನಿಷೇಧಿಸಿದರು. ಅಷ್ಟರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಉಳಿದ ಕೆಲವನ್ನು ಬಂಧನದಲ್ಲಿಟ್ಟು ಮರಿ ಮಾಡಿಸುವ ಕೆಲಸ ಆರಂಭವಾಗಿತ್ತು. 2020ರಲ್ಲಿ ಅಲ್ಲಿಂದ ಎಂಟು ಹಕ್ಕಿಗಳನ್ನು, ಬೆನ್ನಿಗೆ ಗುರುತಿನ ಯಂತ್ರ ಕಟ್ಟಿ, ಹೊರಗೆ ಬಿಟ್ಟರು. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಮಹಾಹದ್ದಿನ ವಿಷಯದಲ್ಲಿ 1987ರಲ್ಲಿ ಇನ್ನೂ ಕಠಿಣವಾದ ನಿರ್ಧಾರವಾಯಿತು: ಕಾಡಿನಲ್ಲಿ ಉಳಿದಿದ್ದ ಕೊನೆಯದನ್ನೂ ಹಿಡಿದು ತಂದರು. ಜಗತ್ತಿನಲ್ಲಿ ಒಟ್ಟು 27 ಹಕ್ಕಿಗಳು, ಎಲ್ಲವೂ ಪಂಜರದಲ್ಲಿ. ಮಾನದಿಂದ ಸಾಯಲು ಬಿಡಿ ಎಂದು ಹೇಳಿದ ಪರಿಸರಪ್ರೇಮಿಗಳೂ ಆಗ ಇದ್ದರು. 1992ರಿಂದ ಅವನ್ನು ಮತ್ತೆ ಬೆಟ್ಟಗಳಿಗೆ ಬಿಡತೊಡಗಿದರು. ಇಂದು ನೂರಾರು ಹಾರಾಡುತ್ತಿವೆ. ‘ಮಾನದ ಸಾವು’ ಎಂಬುದು ಮನುಷ್ಯನ ಕಲ್ಪನೆ. ಕಾಂಡೋರಿಗೆ ಬೇಕಾದದ್ದು ವಿಷವಿಲ್ಲದ ಮಾಂಸ.

ಪಿಂಜೋರಿನವರು ಪಂಜರದ ಬಾಗಿಲು ತೆರೆಯುವ ಮುನ್ನ ಸುತ್ತಣ ಪ್ರದೇಶದಲ್ಲಿ ಆ ಔಷಧದ ಬಳಕೆಯನ್ನು ತಡೆಯುವುದಕ್ಕೆ ವರ್ಷಗಟ್ಟಲೆ ದುಡಿದರು. ಚಪ್ಪರದ ಕೆಳಗೆ ಬುಟ್ಟಿ ತೆರೆಯುವವರಿಗೂ ಇವರಿಗೂ ಇರುವ ವ್ಯತ್ಯಾಸ ಇದು. ಇವರು ಹಕ್ಕಿಯನ್ನಲ್ಲದೆ ಅದು ಹಾರಬೇಕಾದ ಆಕಾಶವನ್ನೂ ನೋಡಿಕೊಂಡರು.

ಹಕ್ಕಿಯ ಬಿಡುಗಡೆಯ ಬೆಲೆಯನ್ನು ಯಾರು ತೆತ್ತರೆಂಬುದನ್ನು ಬಿಟ್ಟರೆ ಈ ಮಾತು ಅರ್ಧವಾಗುತ್ತದೆ. ಹುಣಸೂರು ತಾಲ್ಲೂಕಿನಲ್ಲಿ ಪಕ್ಷಿರಾಜಪುರವೆಂಬ ಊರಿದೆ. ಹಕ್ಕಿಪಿಕ್ಕಿ ಜನರ ನೆಲೆ. ಮನೆಯಲ್ಲಿ ವಾಗ್ರಿ ಬೋಲಿ ಆಡುವ ಈ ಜನ ತಲೆತಲಾಂತರದಿಂದ ಹಕ್ಕಿ ಹಿಡಿದು, ಬೇಟೆಯಾಡಿ ಬದುಕಿದವರು. 1972ರ ಕಾಯಿದೆ ಅವರ ಬಲೆಯನ್ನು ಕಸಿದುಕೊಂಡಿತು. ಕಸಿದದ್ದು ಸರಿ. ಬದಲಿಗೆ ಕೊಟ್ಟದ್ದು ಸಾಲದು. ಹಲವರು ಹೂವು, ಮಣಿಸರ, ತಲೆಗೆ ಹಚ್ಚುವ ಎಣ್ಣೆ, ಗಿಡಮೂಲಿಕೆ ಮಾರುತ್ತ ಊರೂರು ತಿರುಗಿದರು. ಆಫ್ರಿಕದ ದೇಶಗಳವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಕೊಂಡ ಕನ್ನಡನಾಡಿನವರಲ್ಲಿ ಅವರೂ ಇದ್ದುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಆ ಸಮುದಾಯದ ಸಹಪಾಠಿಯೊಬ್ಬ ನನಗಿದ್ದಾನೆ. ಅವನ ತಾತ ಬೇಲಿಯ ಮರೆಯಲ್ಲಿ ಕುಳಿತು ಗೌಜಲಹಕ್ಕಿಯ ಕೂಗು ಕೂಗಿದರೆ ಹಕ್ಕಿ ಓಗೊಡುತ್ತ ಹತ್ತಿರ ಬರುತ್ತಿತ್ತಂತೆ. ಒಮ್ಮೆ ಅವನು ಹೇಳಿದ: “ಹಿಡಿದವರಿಗೆ ಜಾತಿಯ ಹೆಸರೇ ಹಕ್ಕಿಪಿಕ್ಕಿ ಅಂತಾಯಿತು. ಕೊಂಡುಕೊಂಡು ಪಡಸಾಲೆಯಲ್ಲಿ ತೂಗುಹಾಕಿದವರಿಗೆ ಏನು ಹೆಸರು?” ನನ್ನಲ್ಲಿ ಉತ್ತರವಿರಲಿಲ್ಲ. ಹಕ್ಕಿಯ ಗೂಡು, ಕೂಗು, ಋತು ಎಲ್ಲವನ್ನೂ ಬಲ್ಲ ಇವರನ್ನು ಪಕ್ಷಿಧಾಮಗಳಲ್ಲಿ, ರಕ್ಷಣಾಕೇಂದ್ರಗಳಲ್ಲಿ ಸಂಬಳ ಕೊಟ್ಟು ಕರೆದುಕೊಳ್ಳಬಾರದೇಕೆ? ನಮ್ಮ ಪ್ರಾಣಿಶಾಸ್ತ್ರ ವಿಭಾಗದವರು ಅವನ ತಾತನನ್ನು ಒಂದು ಮಧ್ಯಾಹ್ನ ಕಾಲೇಜಿಗೆ ಬರಮಾಡಿಕೊಂಡರೆ ಕಲಾವಿಭಾಗದ ನಾವೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ.

ಕೊನೆಯದಾಗಿ ಒಂದು ಬಿನ್ನಹ. ನಮ್ಮ ಮೈದಾನದ ಅಂಚಿನಲ್ಲಿ, ವಿದ್ಯಾರ್ಥಿನಿಲಯದ ಹಿಂದೆ, ಅರ್ಧ ಒಣಗಿದ ಹಳೆಯ ಮಳೆಮರವೊಂದಿದೆ. ಗಿಣಿ ಹೆಚ್ಚಾಗಿ ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ಪೊಟರೆಯನ್ನೇ ಹಿಗ್ಗಿಸಿಕೊಂಡು ಸಂಸಾರ ಹೂಡುತ್ತದೆ; ಅಂಥ ಪೊಟರೆಗಳಿರುವುದು ಹಸನಾದ ಎಳೆಯ ಮರಗಳಲ್ಲಲ್ಲ, ಇಂಥ ಮುದಿಮರಗಳಲ್ಲಿ. ಈ ಮರದಲ್ಲಿ ನಾಲ್ಕು ಪೊಟರೆಗಳಿವೆ. ಫೆಬ್ರವರಿಯಿಂದ ಮೂರರಲ್ಲಿ ಗಿಣಿಗಳು ಹೋಗಿಬರುತ್ತಿವೆ. ಕಳೆದ ತಿಂಗಳು ಯಾರೋ ಬಂದು ಮರದ ಬುಡಕ್ಕೆ ಬಿಳಿಯ ಬಣ್ಣದಲ್ಲಿ ಸಂಖ್ಯೆ ಬರೆದು ಹೋಗಿದ್ದಾರೆ. ವಾಹನ ನಿಲ್ಲಿಸುವ ಜಾಗಕ್ಕಾಗಿ ಕಡಿಯುವರೆಂದು ಕೇಳಿದೆವು. ಆ ಜಾಗವನ್ನು ಹತ್ತು ಗಜ ಆಚೆಗೆ ಸರಿಸಬಹುದೆಂದು ಅಳತೆ ಸಹಿತ ಅರ್ಜಿ ಬರೆದು ಪ್ರಾಂಶುಪಾಲರಿಗೆ ಕೊಟ್ಟಿದ್ದೇವೆ. ಅಂದಿನ ಹನ್ನೊಂದು ಮಂದಿ ಭಾಷಣಕಾರರಲ್ಲಿ ಏಳು ಮಂದಿ ಸಹಿ ಹಾಕಿದ್ದಾರೆ. ಉಳಿದವರು ಗ್ರಂಥಾಲಯದ ಮೇಜಿನ ಬಳಿ ಬಂದರೆ ಕಾಗದ ಅಲ್ಲಿಯೇ ಇದೆ. ಮರಿಗಳು ಹೊರಗೆ ಬರುವುದು ಏಪ್ರಿಲ್ ಹೊತ್ತಿಗೆ.